ಬೀಡಿ ಬಿಡೋಕೆ ಗಮ್ಮು ಜಗಿದ್ರೆ ಗಂಡಸ್ತನ ಹೋಗಲ್ಲ

ಮೂರು ದಿನದಿಂದ ಸೋನೆ ಹಿಡಿದು ಬಿಟ್ಟಿಲ್ಲ. ಬುಡದ ಸೊಪ್ಪು ಮುರಿದು ಮೊದಲ ಬ್ಯಾರನ್ ತುಂಬಿಸಿದ್ದಾಯ್ತು. ಈಗ ರಾತ್ರಿ ಹನ್ನೊಂದೂವರೆ, ಒಲೆ ಮುಂದೆ ಕೂತು ಬರೀತಿದ್ದೀನಿ. ಈ ಸಲ ಗೊಬ್ಬರದ ಲೆಕ್ಕ ಇಲ್ಲ, ಸೌದೆ ರೇಟು ಇಲ್ಲ. ಬೀಡಿ ಬಿಡೋ ವಿಚಾರ. ತಂಬಾಕು ಬೆಳೆಯೋನು ಬೀಡಿ ಬಿಡೋ ಬಗ್ಗೆ ಬರೀತಾನಾ ಅಂತ ನಗೋರು ಈಗಲೇ ನಕ್ಕುಬಿಡಿ. ಆ ಮಾತಿಗೂ ಕೊನೆಗೆ ಬರ್ತೀನಿ.

ಮೊನ್ನೆ ಬೆಳಗ್ಗೆ ಡೇರಿ ಹತ್ರ ಹಾಲು ಹಾಕಿ ನಿಂತಿದ್ವಿ. ನಮ್ಮೂರ ಒಬ್ಬ ಹುಡುಗ, ಮೂವತ್ತರ ಆಸುಪಾಸು, ಇಬ್ಬರು ಮಕ್ಕಳ ತಂದೆ. ಜೇಬಿಂದ ಕಾರ್ಡ್ ತೆಗೆಯೋವಾಗ ನಿಕೋಟಿನ್ ಗಮ್ಮಿನ ಪಟ್ಟಿ ಕೆಳಗೆ ಬಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಎತ್ತಿ ನೋಡಿ, "ಏನ್ಲಾ ಇದು, ಬೀಡಿ ಬಿಡಕ್ಕೂ ಚೂಯಿಂಗ್ ಗಮ್ಮಾ? ನಮ್ಮಪ್ಪ ಒಂದೇ ದಿನಕ್ಕೆ ಬಿಸಾಕಿದ, ಮತ್ತೆ ಮುಟ್ಟಲಿಲ್ಲ. ಗಂಡಸಾದೋನಿಗೆ ಮನಸ್ಸು ಗಟ್ಟಿ ಇರಬೇಕು ಕಣ್ಲಾ" ಅಂದರು. ಎಲ್ಲರೂ ನಕ್ಕರು. ಹುಡುಗನೂ ನಕ್ಕ. ಅರ್ಧ ಗಂಟೆ ಆದ ಮೇಲೆ ನಾನು ವಾಪಸ್ ಬರ್ತಿದ್ದರೆ ಅವನು ಅಂಗಡಿ ಹಿಂದೆ ನಿಂತು ಬೀಡಿ ಹಚ್ತಿದ್ದ.

ಆ ನಗುವಿನಲ್ಲಿ ನಾನು ನಗಲಿಲ್ಲ, ಆದ್ರೆ ಬಾಯಿ ಬಿಟ್ಟು ಏನೂ ಹೇಳಲೂ ಇಲ್ಲ. ಅದಕ್ಕೇ ಇವತ್ತು ಬರೀತಿರೋದು. ಅವತ್ತು ಆ ಹುಡುಗನ ಕೈಯಿಂದ ಔಷಧಿ ಕಿತ್ತುಕೊಂಡು ಬೀಡಿ ಕೊಟ್ಟವರು ಬೇರೆ ಯಾರೂ ಅಲ್ಲ, ನಾವೇ.

ಮೊದಲು ನನ್ನ ತಪ್ಪು ಒಪ್ಕೊಳ್ತೀನಿ. ನಾನು ಬೀಡಿ ಕಲಿತದ್ದು ಹದಿನೇಳನೇ ವಯಸ್ಸಲ್ಲಿ, ಇದೇ ಥರ ಬ್ಯಾರನ್ ಮುಂದೆ, ನಿದ್ದೆ ಕೆಡೋಕೆ ಅಂತ. ಇಪ್ಪತ್ತಾರು ವರ್ಷ ಸೇದಿದೆ. ಕೊನೆಕೊನೆಗೆ ದಿನಕ್ಕೆ ಒಂದು ಕಟ್ಟು ಸಾಲ್ತಿರಲಿಲ್ಲ. ಆರು ವರ್ಷದ ಹಿಂದೆ ಯಾರೋ ಹೇಳಿದರು ಅಂತ ಮೆಡಿಕಲ್ ಸ್ಟೋರಲ್ಲಿ ಒಂದು ಪಟ್ಟಿ ಗಮ್ಮು ತಂದೆ. ಹೇಗೆ ಜಗಿಯಬೇಕು ಅಂತ ಅಂಗಡಿಯವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೋಟೆಲಲ್ಲಿ ಕಾಫಿ ಕುಡೀತಾ ಬಬಲ್ ಗಮ್ ಥರ ಪಟಪಟ ಜಗಿದೆ. ಗಂಟಲು ಉರಿ, ಬಿಕ್ಕಳಿಕೆ, ಹೊಟ್ಟೆ ತೊಳಸು. ಬೀಡಿ ಆಸೆ ಮಾತ್ರ ಹಂಗೇ ಇತ್ತು. ಎರಡು ದಿನಕ್ಕೆ ಪಟ್ಟಿ ಬಿಸಾಕಿದೆ. ಅಷ್ಟಕ್ಕೇ ಸುಮ್ಮನಿದ್ದಿದ್ರೆ ಆಗಿರೋದು. ಸಿಕ್ಕಸಿಕ್ಕವರಿಗೆಲ್ಲ "ಅದೆಲ್ಲ ಸುಳ್ಳು, ದುಡ್ಡು ದಂಡ" ಅಂತ ಸಾರಿದೆ.

ಹಾಗೆ ಸಾರಿದವರಲ್ಲಿ ನಮ್ಮ ಭಾವನೂ ಒಬ್ಬರು. ಆಗ ಅವರು ಗಮ್ಮು ತರೋ ಯೋಚನೆಯಲ್ಲಿದ್ದರು. ನನ್ನ ಮಾತು ಕೇಳಿ ಬಿಟ್ಟರು. ಆಮೇಲೆ ಮೂರು ಸಲ ಬರೀ ಛಲದ ಮೇಲೆ ಬೀಡಿ ಬಿಟ್ಟರು. ಒಂದು ಸಲ ಶಿವರಾತ್ರಿಗೆ, ಒಂದು ಸಲ ಧರ್ಮಸ್ಥಳದಲ್ಲಿ ಹರಕೆ ಹೊತ್ತು, ಒಂದು ಸಲ ಮಗಳ ತಲೆ ಮೇಲೆ ಕೈ ಇಟ್ಟು. ಮೂರು ಸಲವೂ ಹತ್ತು ದಿನದೊಳಗೆ ಮತ್ತೆ ಹಚ್ಚಿದರು. ಮೂರನೇ ಸಲಕ್ಕೆ ಜನ "ಆಣೆಗೂ ಬೆಲೆ ಇಲ್ಲದೋನು" ಅಂದರು. ಆಮೇಲೆ ಅವರು ಪ್ರಯತ್ನವನ್ನೇ ಬಿಟ್ಟುಬಿಟ್ಟರು. ಈಗ ಮನೆಯಿಂದ ಪಂಪ್‌ಹೌಸ್‌ಗೆ ಹೋಗೋದರಲ್ಲಿ ಎರಡು ಕಡೆ ಕೂತು ಉಸಿರು ತಗೋತಾರೆ. ಜೇಬಲ್ಲಿ ಇನ್‌ಹೇಲರು, ಇನ್ನೊಂದು ಜೇಬಲ್ಲಿ ಬೀಡಿ.

ನಾನು ಬಿಟ್ಟಿದ್ದು ನಾಲ್ಕು ವರ್ಷದ ಹಿಂದೆ, ಎರಡನೇ ಪ್ರಯತ್ನದಲ್ಲಿ, ಅದೇ ಗಮ್ಮಿಂದ. ಮಧ್ಯೆ ಬದಲಾದದ್ದು ಗಮ್ಮಲ್ಲ. ಜಿಲ್ಲಾ ಆಸ್ಪತ್ರೆಯ ತಂಬಾಕು ಬಿಡಿಸೋ ಕೇಂದ್ರದಲ್ಲಿ ಒಬ್ಬರು ಇಪ್ಪತ್ತು ನಿಮಿಷ ಕೂರಿಸಿಕೊಂಡು ಅದನ್ನ ಹೇಗೆ ಬಳಸಬೇಕು ಅಂತ ಹೇಳಿಕೊಟ್ಟರು, ಅಷ್ಟೇ.

ಈಗ ಡೇರಿ ಮುಂದಿನ ಮಾತಿಗೆ ಬರೋಣ. "ಮನಸ್ಸು ಗಟ್ಟಿ ಇದ್ರೆ ಸಾಕು." ಹೊಗೆಸೊಪ್ಪು ಬೆಳೆಯೋ ನಾವು ಈ ಮಾತು ಆಡಬಾರದು. ಯಾಕಂದ್ರೆ ನಿಕೋಟಿನ್ ಮೈಯಲ್ಲಿ ಏನು ಮಾಡುತ್ತೆ ಅನ್ನೋದನ್ನ ದೇಶದಲ್ಲಿ ಯಾರಿಗಿಂತಲೂ ಹತ್ತಿರದಿಂದ ನೋಡಿರೋರು ನಾವು. ಮಳೆ ಬಿದ್ದ ಬೆಳಗ್ಗೆ ಒದ್ದೆ ಸೊಪ್ಪು ಮುರಿಯೋಕೆ ಹೊಸದಾಗಿ ಬಂದ ಹೆಣ್ಣುಮಕ್ಕಳಿಗೆ ಮಧ್ಯಾಹ್ನದ ಹೊತ್ತಿಗೆ ಏನಾಗುತ್ತೆ? ತಲೆಸುತ್ತು, ವಾಂತಿ, ತಲೆನೋವು. ಪಿತ್ತ ಅಂತೀವಿ, ಹಸಿದ ಹೊಟ್ಟೆ ಅಂತೀವಿ, ನಿಂಬೆಹಣ್ಣು ಕೊಡ್ತೀವಿ. ಅದು ಪಿತ್ತ ಅಲ್ಲ. ಎಲೆ ಮೇಲಿನ ನೀರಲ್ಲಿ ನಿಕೋಟಿನ್ ಕರಗಿ ಚರ್ಮದ ಮೂಲಕ ರಕ್ತಕ್ಕೆ ಇಳಿಯುತ್ತೆ. ಡಾಕ್ಟರುಗಳು ಇದಕ್ಕೆ ಹಸಿರು ತಂಬಾಕು ಕಾಯಿಲೆ ಅಂತಲೇ ಹೆಸರಿಟ್ಟಿದ್ದಾರೆ.

ಅದೇ ಸಾಲಲ್ಲಿ ಅದೇ ಒದ್ದೆ ಸೊಪ್ಪು ಮುರಿದ ನನಗೆ ಯಾಕೆ ವಾಂತಿ ಬರ್ತಿರಲಿಲ್ಲ? ನಾನು ಗಟ್ಟಿಮುಟ್ಟು ಅಂತಲಾ? ಇಪ್ಪತ್ತು ವರ್ಷ ಬೀಡಿ ಸೇದಿ ಮೈಯಿಗೆ ನಿಕೋಟಿನ್ ಒಗ್ಗಿಹೋಗಿತ್ತು, ಅದಕ್ಕೆ. ಬೀಡಿ ಸೇದದ ಆ ಹೆಣ್ಣುಮಗಳ ಮೈ ಅದನ್ನ ಹೊರಗಿನದು ಅಂತ ಗುರುತಿಸಿ ಕಕ್ತು. ನನ್ನ ಮೈ ತನ್ನದೇ ಅಂದುಕೊಂಡು ಇಟ್ಕೊಂಡ್ತು. ಇದು ಮನಸ್ಸಿನ ವಿಚಾರವಾ, ಮೈಯ ವಿಚಾರವಾ? ನೀವೇ ಹೇಳಿ.

ಹೀಗೆ ಒಗ್ಗಿಹೋದ ಮೈಯಲ್ಲಿ ನಿಕೋಟಿನ್ ಸುಮಾರು 2 ಗಂಟೆಗೆ ಅರ್ಧಕ್ಕೆ ಇಳಿಯುತ್ತೆ. ಇಳಿದ ಕೂಡಲೇ ಮಿದುಳು ಕೇಳೋಕೆ ಶುರು ಮಾಡುತ್ತೆ. ಬೀಡಿ ಎಳೆದ್ರೆ 20 ಸೆಕೆಂಡಿನೊಳಗೆ ಮಿದುಳಿಗೆ ತಲುಪುತ್ತೆ, ಸಮಾಧಾನ. ಒಂದೇ ಸಲ ನಿಲ್ಲಿಸಿದ್ರೆ ಸಿಡಿಮಿಡಿ, ನಿದ್ದೆ ಇಲ್ಲ, ಕೆಲಸದ ಮೇಲೆ ಗಮನ ಇಲ್ಲ, ಹೆಂಡತಿ ಮಕ್ಕಳ ಮೇಲೆ ರೇಗಾಟ. ಮೊದಲ ಮೂರ್ನಾಲ್ಕು ದಿನ ಇದು ಜೋರು, ಎರಡರಿಂದ ನಾಲ್ಕು ವಾರ ಇರುತ್ತೆ. ಭಾವ ಬಿದ್ದದ್ದು ಪ್ರತಿ ಸಲ ಈ ಹಳ್ಳದಲ್ಲೇ.

ಬರೀ ಮನಸ್ಸಿನ ಬಲದ ಮೇಲೆ ಬಿಡೋ ಪ್ರಯತ್ನ ಮಾಡಿದ 100 ಜನರಲ್ಲಿ ಆರು ತಿಂಗಳು, ವರ್ಷ ಆದ ಮೇಲೂ ಬಿಟ್ಟೇ ಇರೋರು 3ರಿಂದ 5 ಜನ ಅಂತ ಅಧ್ಯಯನಗಳು ಹೇಳ್ತವೆ. ಆ ಹಿರಿಯರ ಅಪ್ಪ ಆ ಮೂರರಿಂದ ಐದರಲ್ಲಿ ಒಬ್ಬರು. ಅವರಿಗೆ ಕೈ ಮುಗೀತೀನಿ. ಆದ್ರೆ ಮಿಕ್ಕ ತೊಂಬತ್ತೈದು ಜನರ ಅಪ್ಪಂದಿರ ಕಥೆ ಯಾರೂ ಡೇರಿ ಮುಂದೆ ಹೇಳಲ್ಲ. ಹೇಳೋಕೆ ಅವರು ಉಳಿದಿರಲ್ಲ.

ನಿಕೋಟಿನ್ ಗಮ್ಮು, ಪ್ಯಾಚು ಬಳಸಿದ್ರೆ ಎಷ್ಟು ಫಲ? 130ಕ್ಕಿಂತ ಹೆಚ್ಚು ಪ್ರಯೋಗಗಳನ್ನ, 64,000ಕ್ಕೂ ಹೆಚ್ಚು ಜನರ ಲೆಕ್ಕವನ್ನ ಒಟ್ಟು ಹಾಕಿ ನೋಡಿದ ಕೊಕ್ರೇನ್ ಪರಿಶೀಲನೆ 2018ರಲ್ಲಿ ಬಂತು. ಬಿಡೋದರಲ್ಲಿ ಗೆಲ್ಲೋ ಸಾಧ್ಯತೆ 50ರಿಂದ 60 ಪರ್ಸೆಂಟ್ ಹೆಚ್ಚಾಗುತ್ತೆ ಅಂತ ಅದರ ಫಲಿತಾಂಶ. ಅಂದ್ರೆ 10 ಜನ ಗೆಲ್ಲೋ ಕಡೆ 15, 16 ಜನ ಗೆಲ್ತಾರೆ. ಮ್ಯಾಜಿಕ್ ಅಲ್ಲ, ನಾನು ಸುಳ್ಳು ಹೇಳಲ್ಲ. "ಇಷ್ಟೇನಾ?" ಅನ್ನೋರಿಗೆ ಒಂದು ಪ್ರಶ್ನೆ: ಎಕರೆಗೆ 10 ಕ್ವಿಂಟಲ್ ಬರೋ ಹೊಲದಲ್ಲಿ 15 ಬರೋ ಬೀಜ ಸಿಗುತ್ತೆ ಅಂದ್ರೆ ನೀವು ರಾತ್ರಿನೇ ಹೋಗಿ ಅಂಗಡಿ ಮುಂದೆ ಟವಲ್ ಹಾಕ್ಕೊಂಡು ಮಲಗಲ್ವಾ?

ಎರಡನೇ ಮಾತು: "ಒಂದು ಚಟ ಬಿಟ್ಟು ಇನ್ನೊಂದು ಚಟ." ಇದನ್ನ ಹೇಳೋರು ಚಟ ಹಿಡಿಸೋದು ಯಾವುದು, ಕೊಲ್ಲೋದು ಯಾವುದು ಅಂತ ಬೇರೆ ಮಾಡಿ ನೋಡಿಲ್ಲ. ಚಟ ಹಿಡಿಸೋದು ನಿಕೋಟಿನ್. ಕ್ಯಾನ್ಸರ್, ಉಬ್ಬಸ, ಹೃದಯಾಘಾತ ತರೋದು ಹೆಚ್ಚಾಗಿ ಹೊಗೆ. ಹೊಗೇಲಿ 7,000ಕ್ಕೂ ಹೆಚ್ಚು ರಾಸಾಯನಿಕ ಇದೆ, ಅದರಲ್ಲಿ 70ರಷ್ಟು ಕ್ಯಾನ್ಸರ್ ತರೋವು. ಟಾರು ಬೇರೆ, ಕಾರ್ಬನ್ ಮಾನಾಕ್ಸೈಡ್ ಬೇರೆ. ಬ್ಯಾರನ್ ಒಲೆ ಬಾಯಲ್ಲಿ ಮುಖ ಇಟ್ಟು ಉಸಿರಾಡು ಅಂದ್ರೆ ಆಡ್ತೀರಾ? ಬೀಡಿ ಅದೇ, ಸಣ್ಣದು. ಗಮ್ಮಲ್ಲಿ ಹೊಗೆ ಇಲ್ಲ, ಟಾರಿಲ್ಲ. ನಿಕೋಟಿನ್ ಇದೆ, ಅದೂ ನಿಧಾನಕ್ಕೆ, ಕಡಿಮೆ ಪ್ರಮಾಣದಲ್ಲಿ ಏರುತ್ತೆ. ಬೀಡಿಯ ಹಾಗೆ ಕ್ಷಣದಲ್ಲಿ ನೆತ್ತಿಗೇರಲ್ಲ. ಅದಕ್ಕೇ ಬೀಡಿ ಥರ ಗಮ್ಮಿಗೆ ಅಂಟಿಕೊಳ್ಳೋರು ಕಡಿಮೆ.

ಬ್ಯಾರನ್ ಲೆಕ್ಕದಲ್ಲೇ ಹೇಳ್ತೀನಿ. ಹಸಿ ಸೊಪ್ಪು ಏರಿಸಿ ಮೊದಲ ದಿನವೇ 160 ಡಿಗ್ರಿ ಶಾಖ ಕೊಡೋ ರೈತ ಇದ್ದಾನಾ? 90, 95ರಲ್ಲಿ ಹಿಡಿದು ಹಳದಿ ಮಾಡಿ, ಆಮೇಲೆ ಬಣ್ಣ ಕೂರಿಸಿ, ಎಲೆ ಒಣಗಿಸಿ, ಕೊನೆಗೆ ದಂಟು ಒಣಗಿಸ್ತೀವಿ. ಐದಾರು ದಿನ ಕಾಯ್ತೀವಿ. ಆತುರಕ್ಕೆ ಶಾಖ ಏರಿಸಿದ್ರೆ ಸೊಪ್ಪು ಹಸಿರಾಗೇ ಒಣಗಿ ಹರಾಜಲ್ಲಿ ಕೇಳೋರೇ ಇರಲ್ಲ. ಸೊಪ್ಪಿಗೆ ತೋರಿಸೋ ಈ ತಾಳ್ಮೆಯನ್ನ ನಮ್ಮ ಮೈಗೆ ತೋರಿಸಿದ್ರೆ ಅದು ಹೇಡಿತನವಾ?

ಮೂರನೇ ಮಾತು: "ನಿಕೋಟಿನ್ ವಿಷ." ಹೌದು, ವಿಷವೇ. ಅಗ್ನಿಅಸ್ತ್ರಕ್ಕೆ ತಂಬಾಕು ಪುಡಿ ಹಾಕಿ ಹುಳಕ್ಕೆ ಹೊಡೆಯೋ ನಮಗೆ ಅದು ಗೊತ್ತಿಲ್ವಾ? ಆದ್ರೆ ಪ್ರಶ್ನೆ ವಿಷವೋ ಅಲ್ಲವೋ ಅನ್ನೋದಲ್ಲ, ಎಷ್ಟು ಅನ್ನೋದು. ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಹೇಳಿದ್ದಕ್ಕಿಂತ ಜಾಸ್ತಿ ಜಗಿಯಬೇಡಿ. ತಮಾಷೆ ಅಂದ್ರೆ, ಗಮ್ಮು ವಿಷ ಅನ್ನೋ ಬಾಯಲ್ಲಿ ಆಗ ಬೀಡಿ ಉರೀತಿರುತ್ತೆ. ಬೀಡಿಯಲ್ಲಿರೋದೇನು, ಎಳನೀರಾ?

ನಾಲ್ಕನೇ ಮಾತು: "ಇದೆಲ್ಲ ಕಂಪನಿಗಳ ಆಟ." ಔಷಧಿ ಕಂಪನಿಗೆ ಲಾಭ ಇದೆ, ಇಲ್ಲ ಅನ್ನಲ್ಲ. ಆದ್ರೆ ಇದು ಹುಟ್ಟಿದ ಕಥೆ ಕೇಳಿ. ಸ್ವೀಡನ್ನಿನಲ್ಲಿ ಜಲಾಂತರ್ಗಾಮಿ ಹಡಗಿನ ಸೈನಿಕರು ನೀರೊಳಗೆ ಸೇದೋ ಹಾಗಿಲ್ಲ, ಅದಕ್ಕೆ ತಂಬಾಕು ಬಾಯಲ್ಲಿ ಇಟ್ಕೊಂಡು ಕಾಲ ಹಾಕ್ತಿದ್ದರು. ಇದನ್ನ ಕಂಡ ಕ್ಲಾಸ್ ಲುಂಡ್‌ಗ್ರೆನ್ ಅನ್ನೋ ವಿಜ್ಞಾನಿ 1967ರಲ್ಲಿ ಔಷಧಿ ಕಂಪನಿಯಲ್ಲಿದ್ದ ಓವೆ ಫೆರ್ನೋಗೆ ಕಾಗದ ಬರೆದರು. ಹೊಗೆ ಇಲ್ಲದೆ ನಿಕೋಟಿನ್ ಕೊಟ್ಟು ಸಿಗರೇಟು ಬಿಡಿಸಬಹುದು ಅನ್ನೋ ಯೋಚನೆಯಿಂದ ಗಮ್ಮು ಬಂತು. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಇದನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸ್ತು. ನಮ್ಮ ದೇಶದ ಅಗತ್ಯ ಔಷಧಿಗಳ ಪಟ್ಟಿಗೆ 2022ರಲ್ಲಿ ಸೇರ್ತು. ಬೀಡಿ ಕಂಪನಿ ಆಟಕ್ಕೆ ಇಪ್ಪತ್ತಾರು ವರ್ಷ ದುಡ್ಡು ಕೊಟ್ಟೋನು ನಾನು, ಮೂರು ತಿಂಗಳು ಇವರಿಗೂ ಕೊಟ್ಟೆ. ಯಾರು ನನಗೆ ಉಸಿರು ವಾಪಸ್ ಕೊಟ್ಟರು ಅನ್ನೋದು ನನಗೆ ಗೊತ್ತು.

ಐದನೇ ಮಾತು ದುಡ್ಡಿಂದು. ಇದೊಂದೇ ನಿಜವಾದ ತಕರಾರು, ಇದಕ್ಕೆ ನಾನು ಮೀಸೆ ತಿರುವಲ್ಲ. ನಾನು ತಗೊಂಡಾಗ ಒಂದು ಗಮ್ಮಿಗೆ ಹತ್ತು ರೂಪಾಯಿ ಮೇಲೆ ಬೀಳ್ತಿತ್ತು. ಒಂದು ಬೀಡಿಗೆ ಅಷ್ಟೆಲ್ಲಿ? ಆಸ್ಪತ್ರೆಯಲ್ಲಿ ದಾಸ್ತಾನು ಇದ್ದಾಗ ಉಚಿತವಾಗಿ ಕೊಟ್ಟರು, ಇಲ್ಲದಾಗ ಹೊರಗೆ ತಗೊಂಡೆ. ಮೂರು ತಿಂಗಳಿಗೆ ಕೈಯಿಂದ ಹೋದದ್ದು ಸುಮಾರು 6,000 ರೂಪಾಯಿ. ಕೂಲಿ ಮಾಡೋನಿಗೆ ಅದು ದೊಡ್ಡ ದುಡ್ಡು. ಸಾಯಿಸೋದು ಅಗ್ಗಕ್ಕೆ ಪ್ರತಿ ಪೆಟ್ಟಿಗೆ ಅಂಗಡಿಯಲ್ಲಿ, ಬಿಡಿಸೋದು ತುಟ್ಟಿಯಾಗಿ ತಾಲ್ಲೂಕಿನ ಒಂದೆರಡು ಅಂಗಡಿಯಲ್ಲಿ. ಇದು ನ್ಯಾಯವಾ? ಅಗತ್ಯ ಔಷಧಿ ಅಂತ ಪಟ್ಟಿಗೆ ಸೇರಿಸಿದ ಮೇಲೆ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅದು ಸಿಗಬೇಕು. ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪ ಕೇಳ್ತೀವಲ್ಲ, ಇದನ್ನೂ ಒಂದು ಸಾಲು ಸೇರಿಸಿ ಕೇಳೋಣ. ಕೊಡೋವರೆಗೂ ಲೆಕ್ಕ ಹಾಕಿ: ಭಾವನ ಇನ್‌ಹೇಲರ್, ಆಸ್ಪತ್ರೆ ಖರ್ಚು ಮೂರು ತಿಂಗಳಿಗೆ ಮುಗಿಯಲ್ಲ. ಬದುಕಿರೋವರೆಗೂ ಇದೆ.

ಈಗ ಬಳಸೋ ಕ್ರಮ. ನನ್ನ ಹಾಗೆ ಕೆಡಿಸಿಕೊಂಡು ಬೈಯಬೇಡಿ ಅಂತ ಬಿಡಿಸಿ ಬರೀತೀನಿ.

ಗಮ್ಮು 2 ಮಿ.ಗ್ರಾಂ., 4 ಮಿ.ಗ್ರಾಂ. ಅಂತ ಎರಡು ಬಗೆ. ಎದ್ದ ಅರ್ಧ ಗಂಟೆಯೊಳಗೆ ಮೊದಲ ಬೀಡಿ ಹಚ್ಚೋನು ಅಂದ್ರೆ ಚಟ ಆಳಕ್ಕೆ ಇಳಿದಿದೆ ಅಂತ ಅರ್ಥ, ಅವನಿಗೆ 4 ಬೇಕಾಗುತ್ತೆ. ನಾನು ಹಾಸಿಗೇಲೇ ಹಚ್ಚೋನು. 2 ಮಿ.ಗ್ರಾಂ. ಅಂಗಡಿಯಲ್ಲಿ ಹಂಗೇ ಸಿಗುತ್ತೆ, 4ಕ್ಕೆ ಡಾಕ್ಟರ ಚೀಟಿ ಬೇಕು.

ಜಗಿಯೋದು ನಿಧಾನಕ್ಕೆ. ಹತ್ತು ಹದಿನೈದು ಸಲ ಜಗಿದಾಗ ಬಾಯಿ ಚುರುಗುಟ್ಟುತ್ತೆ, ಮೆಣಸು ಕಡಿದ ಹಾಗೆ. ತಕ್ಷಣ ನಿಲ್ಲಿಸಿ. ಕೆನ್ನೆ ಮತ್ತು ವಸಡಿನ ಮಧ್ಯೆ ಒತ್ತಿಡಿ. ಚುರುಗು ಹೋದ ಮೇಲೆ ಮತ್ತೆ ಒಂದೆರಡು ಸಲ ಜಗಿದು ಇನ್ನೊಂದು ಕಡೆ ಇಡಿ. ಹೀಗೆ ಅರ್ಧ ಗಂಟೆ. ನಿಕೋಟಿನ್ ಇಳೀಬೇಕಾದ್ದು ಕೆನ್ನೆಯ ಒಳಚರ್ಮದಿಂದ, ಹೊಟ್ಟೆಯಿಂದ ಅಲ್ಲ. ಎಂಜಲು ನುಂಗ್ತಾ ಹೋದ್ರೆ ಬಿಕ್ಕಳಿಕೆ, ಹೊಟ್ಟೆ ತೊಳಸು. ನನ್ನ ಮೊದಲ ಪ್ರಯತ್ನ ಕೆಟ್ಟದ್ದೇ ಇಲ್ಲಿ. ಜಗಿಯೋಕೆ ಹದಿನೈದು ನಿಮಿಷ ಮೊದಲಿಂದ, ಬಾಯಲ್ಲಿರೋವರೆಗೂ ಕಾಫಿ, ಟೀ, ಜ್ಯೂಸು, ಸೋಡಾ ಬೇಡ. ಹುಳಿ ಇದ್ರೆ ನಿಕೋಟಿನ್ ಬಾಯಲ್ಲಿ ಸರಿಯಾಗಿ ಇಳಿಯಲ್ಲ.

ಮೊದಲ ಆರು ವಾರ ಗಂಟೆ, ಎರಡು ಗಂಟೆಗೆ ಒಂದು. ಆಸೆ ಬಂದು ತಲೆ ಕೆಟ್ಟ ಮೇಲೆ ಅಲ್ಲ, ಬರೋಕೆ ಮುಂಚೆ. ಆಮೇಲೆ ಮೂರು ವಾರ ಎರಡರಿಂದ ನಾಲ್ಕು ಗಂಟೆಗೆ ಒಂದು. ಕೊನೆ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೆ ಒಂದು. ಹನ್ನೆರಡು ವಾರ. ದಿನಕ್ಕೆ 24 ದಾಟಬಾರದು. ನಮ್ಮ ಜನ ಮಾಡೋ ದೊಡ್ಡ ತಪ್ಪು ದಿನಕ್ಕೆ ಎರಡು ಮೂರು ಜಗಿದು, ಎರಡನೇ ವಾರಕ್ಕೆ ನಿಲ್ಲಿಸಿ, "ಕೆಲಸ ಮಾಡಲ್ಲ" ಅನ್ನೋದು. ಹೇಳಿದ ಅಳತೆಯ ಕಾಲು ಭಾಗ ಔಷಧಿ ಹೊಡೆದು ರೋಗ ಹೋಗಲಿಲ್ಲ ಅಂದ ಹಾಗೆ ಇದು.

ಪ್ಯಾಚು ಅಂದ್ರೆ ಚರ್ಮಕ್ಕೆ ಅಂಟಿಸೋ ಪಟ್ಟಿ. ಒದ್ದೆ ಸೊಪ್ಪಿನಿಂದ ನಿಕೋಟಿನ್ ಇಳಿಯೋ ದಾರಿಯೇ ಅದರದ್ದೂ, ಅಳತೆ ಮಾತ್ರ ಕಟ್ಟುನಿಟ್ಟು. 21, 14, 7 ಮಿ.ಗ್ರಾಂ. ಅಂತ ಮೆಟ್ಟಿಲು ಇಳಿಸ್ತಾರೆ. ದಿನಾ ಬೇರೆ ಜಾಗಕ್ಕೆ ಅಂಟಿಸಬೇಕು. ಪ್ಯಾಚಿನ ಜೊತೆ ಆಸೆ ಬಂದಾಗ ಗಮ್ಮು ಸೇರಿಸಿದ್ರೆ ಒಂದೇ ಬಳಸೋದಕ್ಕಿಂತ ಫಲ ಹೆಚ್ಚು, ಆದ್ರೆ ಅದನ್ನ ಡಾಕ್ಟರ ಮಾತಿನ ಮೇಲೆ ಮಾಡಿ. ಸೊಪ್ಪು ಮುರಿಯೋ ಕಾಲದಲ್ಲಂತೂ ಕೈಗವಸು, ರೈನ್‌ಕೋಟು ಹಾಕಿಯೇ ಹೊಲಕ್ಕೆ ಇಳೀರಿ. ಇಲ್ಲದಿದ್ರೆ ಎರಡು ಕಡೆಯಿಂದ ನಿಕೋಟಿನ್ ಸೇರುತ್ತೆ.

ಇತ್ತೀಚೆಗೆ ಹೃದಯಾಘಾತ ಆದವರು, ಎದೆನೋವು ಇರೋರು, ಬಸುರಿ ಬಾಣಂತಿಯರು ಕೇಳದೆ ಮುಟ್ಟಬೇಡಿ. ಬೀಡಿಯಿಂದ ಕಾಲಿನ ರಕ್ತನಾಳ ಕಟ್ಟಿಕೊಂಡು ಬೆರಳು ಕಪ್ಪಾಗೋ ಬರ್ಗರ್ಸ್ ಕಾಯಿಲೆ ಇರೋರಿಗೆ ನಿಕೋಟಿನ್ ಯಾವ ರೂಪದಲ್ಲೂ ಒಳ್ಳೇದಲ್ಲ, ಅವರಿಗೆ ಡಾಕ್ಟರು ಬೇರೆ ದಾರಿ ಹೇಳ್ತಾರೆ. ಕಡ್ಡಿಪುಡಿ, ಹೊಗೆಸೊಪ್ಪು ಜಗಿಯೋರ ವಿಷಯದಲ್ಲಿ ಗಮ್ಮಿನ ಪುರಾವೆ ಬೀಡಿ ಸಿಗರೇಟಿನಷ್ಟು ಗಟ್ಟಿ ಇಲ್ಲ, ಅವರೂ ಕೇಂದ್ರಕ್ಕೆ ಹೋಗಿ ಕೇಳೋದು ಮೇಲು. ಇ-ಸಿಗರೇಟು ಇದಲ್ಲ, ಅದು 2019ರಿಂದ ದೇಶದಲ್ಲೇ ನಿಷೇಧ.

ಕೊನೆಗೆ ಮೊದಲು ನಕ್ಕವರಿಗೆ. ಹೌದು, ನಾನು ತಂಬಾಕು ಬೆಳೀತೀನಿ. ಈ ಮಣ್ಣಿಗೆ, ಈ ಮಳೆಗೆ ನಂಬಿಕೆಯಿಂದ ಹರಾಜಾಗೋ ಇನ್ನೊಂದು ಬೆಳೆ ಸಿಕ್ಕ ದಿನ ಬಿಡ್ತೀನಿ, ಆ ಜಗಳ ಬೇರೆ ಇದೆ, ಇನ್ನೊಂದು ದಿನ ಬರೀತೀನಿ. ನಮ್ಮ ಸೊಪ್ಪಿನ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತೆ, ನಾನು ಬೀಡಿ ಬಿಟ್ಟೆ ಅಂತ ಹರಾಜು ಕಟ್ಟೆಯಲ್ಲಿ ಒಂದು ರೂಪಾಯಿ ಕಮ್ಮಿ ಆಗಲಿಲ್ಲ. ಆದ್ರೆ ಬೆಳೆದ ಋಣಕ್ಕೆ ಸೇದಿ ಸಾಯಬೇಕು ಅಂತ ಎಲ್ಲಿ ಬರೆದಿದೆ? ಇದರ ಗುಣ ಗೊತ್ತಿರೋ ನಾವೇ ಇದರಿಂದ ಬಿಡಿಸಿಕೊಳ್ಳೋ ದಾರಿಯನ್ನೂ ನಾಲ್ಕು ಜನಕ್ಕೆ ಹೇಳಬೇಕು.

ಡೇರಿ ಮುಂದಿನ ಹಿರಿಯರಿಗೆ ನನ್ನ ಬಿನ್ನಹ ಇಷ್ಟೇ. ಕಾಲು ಮುರಿದವನು ಕೋಲು ಹಿಡಿದ್ರೆ ನಗಲ್ಲ ನಾವು. ಸಕ್ಕರೆ ಕಾಯಿಲೆಯವನಿಗೆ "ಮಾತ್ರೆ ಯಾಕ್ಲಾ, ಮನಸ್ಸು ಗಟ್ಟಿ ಮಾಡ್ಕೋ" ಅನ್ನಲ್ಲ. ಬೀಡಿ ಬಿಡೋನ ಕೈಲಿ ಗಮ್ಮು ಕಂಡ್ರೂ ನಗಬೇಡಿ. ಮನಸ್ಸು ಗಟ್ಟಿ ಬೇಕೇ ಬೇಕು, ಹನ್ನೆರಡು ವಾರ ಬಿಡದೆ ಕೋರ್ಸು ಮುಗಿಸೋಕೆ. ನೀವು ನಕ್ಕರೆ ಅಷ್ಟು ಗಟ್ಟಿ ಮನಸ್ಸೂ ಒಡೆಯುತ್ತೆ.

ಬಿಡಬೇಕು ಅನ್ನೋರು 1800-11-2356ಕ್ಕೆ ಫೋನ್ ಮಾಡಿ, ದುಡ್ಡು ಬೀಳಲ್ಲ. ನಿಮ್ಹಾನ್ಸ್ ಕಡೆಯಿಂದ ಕನ್ನಡದಲ್ಲೇ ಮಾತಾಡ್ತಾರೆ. ಬೀಡಿ ಕಟ್ಟಿನ ಮೇಲೂ ನಂಬರ್ ಇದೆ, ನಾವು ಚಿತ್ರ ನೋಡಿ ಮುಖ ತಿರುಗಿಸ್ತೀವಿ, ನಂಬರ್ ಓದಲ್ಲ.

ನಿನ್ನೆ ಭಾವನ ಮನೆಗೆ ಹೋಗಿದ್ದೆ. ಆರು ವರ್ಷದ ಹಿಂದೆ ನಾನು ಹೇಳಿದ್ದು ತಪ್ಪು ಅಂತ ಬಾಯಿಬಿಟ್ಟು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈಗ ಬಿಟ್ಟು ಏನ್ ಪ್ರಯೋಜನ ಭಾಮೈದ" ಅಂದರು. ಪ್ರಯೋಜನ ಇದೆ. ಹೋದ ಶ್ವಾಸಕೋಶ ವಾಪಸ್ ಬರಲ್ಲ, ಆದ್ರೆ ಬಿಟ್ಟ ಮೇಲೆ ಹಾಳಾಗೋ ವೇಗ ಇಳಿಯುತ್ತೆ, ಇರೋದು ಹೆಚ್ಚು ದಿನ ಉಳಿಯುತ್ತೆ. ಸೋಮವಾರ ಅವರನ್ನ ಬೈಕಲ್ಲಿ ಕೂರಿಸಿಕೊಂಡು ಜಿಲ್ಲಾ ಆಸ್ಪತ್ರೆಗೆ ಹೋಗ್ತಿದ್ದೀನಿ. ಅಂಗಡಿ ಹಿಂದೆ ಬೀಡಿ ಹಚ್ಚಿದ ಹುಡುಗನಿಗೂ ಫೋನ್ ಮಾಡಿ ಹೇಳಿದ್ದೀನಿ, ನಮ್ಮ ಹಿಂದೆ ಅವನ ಬೈಕಲ್ಲಿ ಬರ್ತೀನಿ ಅಂದಿದ್ದಾನೆ. ಇನ್ನೂ ಯಾರಾದ್ರೂ ಬರೋದಿದ್ರೆ ಬೆಳಗ್ಗೆ ಏಳೂವರೆಗೆ ಡೇರಿ ಹತ್ರ ನಿಂತಿರಿ.

ಒಲೆಗೆ ಸೌದೆ ಹಾಕೋ ಹೊತ್ತಾಯ್ತು. ಬರ್ತೀನಿ.